ನೋವಿನ ದಿನಗಳಲ್ಲಿ ನಂಬಿಕೆಯನ್ನು ಉಳಿಸಿಕೊಳ್ಳುವುದು ಹೇಗೆ?

"ಇಷ್ಟು ವರ್ಷ ತಪ್ಪದೆ ಪ್ರಾರ್ಥಿಸಿದೆ, ಯಾರಿಗೂ ಕೇಡು ಬಯಸಲಿಲ್ಲ, ಆದರೂ ನನಗೇ ಏಕೆ ಹೀಗಾಯಿತು?" ಎಂಬ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳಿದವರಲ್ಲಿ ಕೆಲವರು ಮಗುವನ್ನು ಕಳೆದುಕೊಂಡವರು, ಕೆಲವರು ವಾಸಿಯಾಗದ ಕಾಯಿಲೆಯೊಡನೆ ಬದುಕುತ್ತಿರುವವರು, ಇನ್ನು ಕೆಲವರು ಮನೆಯವರೊಬ್ಬರ ಆರೈಕೆಯಲ್ಲಿ ವರ್ಷಗಟ್ಟಲೆ ದುಡಿದು ಬಸವಳಿದವರು. ದೇವರು ಇದ್ದಾನೆಯೇ ಇಲ್ಲವೇ ಎಂಬ ಚರ್ಚೆ ಇವರಿಗೆ ಬೇಕಾಗಿಲ್ಲ. ಇದುವರೆಗೆ ಆಸರೆಯಾಗಿದ್ದ ನಂಬಿಕೆ ಕೈಜಾರುತ್ತಿದೆ, ಅದು ಹೋಗುವುದು ತಮಗೆ ಇಷ್ಟವಿಲ್ಲ, ಆದರೆ ಹಿಡಿದುಕೊಳ್ಳುವ ಬಗೆ ತಿಳಿಯುತ್ತಿಲ್ಲ ಎಂಬುದೇ ಅವರ ಸಂಕಟ. ಈ ಲೇಖನ ಅವರಿಗಾಗಿ. ನೀವು ಯಾವ ಧರ್ಮದವರಾದರೂ ಇದನ್ನು ಬಳಸಬಹುದು. 'ದೇವರು' ಎಂದಿರುವ ಕಡೆ ನಿಮ್ಮ ಪರಂಪರೆಯ ಪದವನ್ನು ಇಟ್ಟುಕೊಂಡು ಓದಿರಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನೋವಿಗೆ ಒಪ್ಪುವಂಥ ಕಾರಣ ಸಿಕ್ಕಿದರೆ ಮಾತ್ರ ನಂಬಿಕೆ ಉಳಿದೀತು ಎಂದು ಬಹಳ ಜನ ಭಾವಿಸಿ, ಆ ಕಾರಣದ ಹುಡುಕಾಟದಲ್ಲೇ ಸೋತುಹೋಗುತ್ತಾರೆ. ಕಾರಣ ಸಿಗದೆಯೂ ನಂಬಿಕೆ ಉಳಿದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರಲ್ಲಿ ಯಾರೂ ದೇವರೊಡನೆ ಮಾತು ಬಿಟ್ಟಿರಲಿಲ್ಲ. ಹಲವರು ಆಡುತ್ತಿದ್ದುದು ಜಗಳವೇ, ಆದರೂ ಅದು ಮಾತೇ ಆಗಿತ್ತು. ಮುಂದಿನ ಹಂತಗಳೆಲ್ಲ ಆ ಮಾತು ನಿಲ್ಲದಂತೆ ನೋಡಿಕೊಳ್ಳುವ ಉಪಾಯಗಳು.

ಬೇಕಾಗುವುದು ಹೆಚ್ಚೇನಿಲ್ಲ. ದಿನಕ್ಕೆ ಹದಿನೈದು ನಿಮಿಷದ ಏಕಾಂತ, ಬೇರೆಯವರ ಕೈಗೆ ಸಿಗದ ಒಂದು ನೋಟ್‌ಪುಸ್ತಕ, ಈಗಾಗಲೇ ಬಾಯಿಪಾಠವಾಗಿರುವ ಒಂದು ಚಿಕ್ಕ ಪ್ರಾರ್ಥನೆ, ಮತ್ತು ತೀರ್ಪು ಕೊಡದೆ ಕೇಳಬಲ್ಲ ಒಬ್ಬ ವ್ಯಕ್ತಿ, ಇಷ್ಟಿದ್ದರೆ ಸಾಕು. ನಿಮ್ಮ ದುಃಖ ಇನ್ನೂ ಕೆಲವೇ ದಿನಗಳ ಹಸಿಯಾದ ದುಃಖವಾಗಿದ್ದರೆ ಸದ್ಯಕ್ಕೆ ಒಂದನೆಯ ಮತ್ತು ನಾಲ್ಕನೆಯ ಹಂತವನ್ನಷ್ಟೇ ಓದಿ, ಉಳಿದುದನ್ನು ಕೆಲವು ವಾರಗಳ ನಂತರಕ್ಕೆ ಇಟ್ಟುಕೊಳ್ಳಿ.

1. ಮೊದಲು ದೇಹವನ್ನು ನೋಡಿಕೊಳ್ಳಿ

ನಿದ್ದೆಯಿಲ್ಲದೆ, ಸರಿಯಾಗಿ ಉಣ್ಣದೆ ದಿನಗಳನ್ನು ನೂಕುತ್ತಿರುವಾಗ ದೇವರ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ಬೈಬಲಿನ ಪ್ರವಾದಿ ಎಲೀಯನು ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಂಡ ಪ್ರಸಂಗವಿದೆ. ಆಗ ಅವನಿಗೆ ಉಪದೇಶ ಸಿಗಲಿಲ್ಲ. ದೂತನು ಅವನನ್ನು ಎಬ್ಬಿಸಿ ಊಟ ಕೊಟ್ಟನು, ಅವನು ಮತ್ತೆ ಮಲಗಿದನು, ದೂತನು ಮತ್ತೆ ಎಬ್ಬಿಸಿ ಊಟ ಕೊಟ್ಟನು. ದೇವರ ಮೆಲುದನಿ ಅವನಿಗೆ ಕೇಳಿದ್ದು ಇದಾದ ಎಷ್ಟೋ ದಿನಗಳ ಮೇಲೆ.

ನಂಬಿಕೆಯ ಬಿಕ್ಕಟ್ಟಿಗೂ ಖಿನ್ನತೆಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ತಿಳಿದುಕೊಳ್ಳಬೇಕು. ಎರಡು ವಾರಗಳಿಗೂ ಮೀರಿ ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಜೊತೆಗೆ ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ತಾನು ಯಾವುದಕ್ಕೂ ಬಾರದವನು ಅಥವಾ ಬಾರದವಳು ಎಂಬ ಭಾವನೆ ಬಿಡದಿದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆಯಾಗಿರಬಹುದು. ಹಾಗೆಯೇ ಆಪ್ತರನ್ನು ಕಳೆದುಕೊಂಡವರಲ್ಲಿ ಹಂಬಲವು ಮೊದಲ ದಿನಗಳಷ್ಟೇ ತೀವ್ರವಾಗಿ ಉಳಿದು, ದಿನನಿತ್ಯದ ಬದುಕನ್ನೇ ನಿಲ್ಲಿಸಿಬಿಡುವ ಸ್ಥಿತಿಯೊಂದಿದೆ. ವೈದ್ಯರು ಅದನ್ನು 'ಪ್ರೊಲಾಂಗ್ಡ್ ಗ್ರೀಫ್', ಅಂದರೆ ದೀರ್ಘಕಾಲದ ಶೋಕ, ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಕನಿಷ್ಠ ಆರು ತಿಂಗಳ ಅವಧಿಯನ್ನು ಗುರುತಿಸಲಾಗಿದೆ. ಈ ಎರಡಕ್ಕೂ ಚಿಕಿತ್ಸೆಯಿದೆ, ಮತ್ತು ಅದನ್ನು ಪಡೆಯುವುದು ನಂಬಿಕೆಯ ಸೋಲಲ್ಲ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ಇಂದೇ ಒಬ್ಬ ವೈದ್ಯರಿಗೆ ಅಥವಾ ಹತ್ತಿರದಲ್ಲಿರುವ ಯಾರಿಗಾದರೂ ಅದನ್ನು ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ.

2. ನೋವನ್ನೂ ನೋವಿನ ಮೇಲಿನ ತೀರ್ಪನ್ನೂ ಬೇರ್ಪಡಿಸಿ

ಬುದ್ಧನು ಹೇಳಿದ ಎರಡು ಬಾಣಗಳ ಹೋಲಿಕೆ ಪಾಲಿ ಭಾಷೆಯ ಸುತ್ತಗಳಲ್ಲಿ, ಅಂದರೆ ಅವನ ಉಪದೇಶಗಳಲ್ಲಿ, ದಾಖಲಾಗಿದೆ. ಮೊದಲ ಬಾಣ ದೇಹಕ್ಕೆ ತಗಲುವ ನೋವು, ಅದು ತಿಳಿದವರಿಗೂ ತಿಳಿಯದವರಿಗೂ ಒಂದೇ. ಎರಡನೆಯ ಬಾಣವು ಆ ನೋವಿಗೆ ಎದೆ ಬಡಿದುಕೊಂಡು ಮನಸ್ಸು ತಾನೇ ಹೂಡಿಕೊಳ್ಳುವಂಥದು. ನಂಬಿಕೆಯುಳ್ಳವರಿಗೆ ಈ ಎರಡನೆಯ ಬಾಣ ಬಹುಪಾಲು ಒಂದು ತೀರ್ಪಿನ ರೂಪದಲ್ಲಿ ಬರುತ್ತದೆ: ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಅಥವಾ ಕೈಬಿಟ್ಟಿದ್ದಾನೆ.

ನೋಟ್‌ಪುಸ್ತಕದ ಒಂದು ಪುಟವನ್ನು ಎರಡು ಭಾಗ ಮಾಡಿ. ಎಡಗಡೆ ಆದದ್ದನ್ನಷ್ಟೇ ಬರೆಯಿರಿ: "ತಂಗಿಗೆ ಕಾಯಿಲೆ ಎಂದು ತಿಳಿಯಿತು, ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದಾಳೆ." ಬಲಗಡೆ ಅದಕ್ಕೆ ನೀವು ಕೊಟ್ಟುಕೊಂಡಿರುವ ಅರ್ಥವನ್ನು ಬರೆಯಿರಿ: "ನಾನು ಹರಕೆ ತೀರಿಸದಿದ್ದುದಕ್ಕೆ ಹೀಗಾಯಿತು." ಎಡಗಡೆಯದು ನಿಮಗೆ ಖಂಡಿತವಾಗಿ ತಿಳಿದಿರುವ ಸಂಗತಿ. ಬಲಗಡೆಯದು ಎಲ್ಲಿಂದ ಬಂತು, ಅದನ್ನು ಮೊದಲು ಹೇಳಿದವರು ಯಾರು ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಿ. ಎಷ್ಟೋ ಸಲ ಅದು ದುಃಖದ ಮನೆಗೆ ಬಂದ ಯಾರೋ ಒಬ್ಬರು ಆಡಿಹೋದ ಮಾತಾಗಿರುತ್ತದೆ.

ಈ ಬೇರ್ಪಡಿಕೆ ಏಕೆ ಮುಖ್ಯ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 55 ವರ್ಷ ದಾಟಿದ 596 ಒಳರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ತಮ್ಮನ್ನು ತೊರೆದಿದ್ದಾನೆಯೇ ಎಂದು ಕೊರಗುತ್ತಿದ್ದವರು ಮತ್ತು ದೇವರ ಪ್ರೀತಿಯನ್ನೇ ಶಂಕಿಸುತ್ತಿದ್ದವರು, ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹೆಚ್ಚಿನ ಪ್ರಮಾಣದಲ್ಲಿ ಸಾವಿಗೀಡಾಗಿದ್ದುದು ಕಂಡುಬಂತು. ಇಂಥ ಒಳಗುದಿಯನ್ನು ಸಂಶೋಧಕರು 'ಧಾರ್ಮಿಕ ಸಂಘರ್ಷ' ಎನ್ನುತ್ತಾರೆ. ಇದನ್ನು ಓದಿ ಗಾಬರಿಯಾಗಬೇಡಿ. ಒಂದು ಇನ್ನೊಂದಕ್ಕೆ ಕಾರಣ ಎಂದು ಆ ಅಧ್ಯಯನ ಸಾಧಿಸಿಲ್ಲ, ಮತ್ತು ಅದೇ ತಂಡವು 2004ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಹೆಚ್ಚು ಬಳಲಿದವರು ಸಂಘರ್ಷವನ್ನು ಬಿಡಿಸಿಕೊಳ್ಳಲಾಗದೆ ಉದ್ದಕ್ಕೂ ಹೊತ್ತುಕೊಂಡು ಹೋದವರೇ ಆಗಿದ್ದರು. ಆದ್ದರಿಂದ ಸಂಘರ್ಷ ಬಂದಿತೆಂದು ಹೆದರುವುದಕ್ಕಿಂತ, ಅದನ್ನು ಒಳಗೇ ಮುಚ್ಚಿಟ್ಟುಕೊಳ್ಳದೆ ಅದರೊಡನೆ ಕೆಲಸ ಮಾಡುವುದು ಮೇಲು.

ಎಚ್ಚರಿಕೆ: ಕರ್ಮ, ಪ್ರಾರಬ್ಧ ಎಂಬ ಪದಗಳನ್ನು ಈ ಹಂತದಲ್ಲಿ ಜೋಪಾನವಾಗಿ ಬಳಸಿ. ಪ್ರಾರಬ್ಧವೆಂದರೆ ಹಿಂದಿನ ಕರ್ಮಗಳಲ್ಲಿ ಈಗಾಗಲೇ ಫಲ ಕೊಡಲು ಆರಂಭಿಸಿರುವ ಪಾಲು. ಎದುರಾದುದನ್ನು ಸಹಿಸಿ ಮುಂದಿನ ಹೆಜ್ಜೆಯನ್ನು ಸರಿಯಾಗಿ ಇಡಲು ಒಬ್ಬರು ತಮಗೆ ತಾವೇ ಅದನ್ನು ಹೇಳಿಕೊಂಡರೆ ಅದು ಬಲ ಕೊಡಬಹುದು. ಅದೇ ಮಾತನ್ನು ಇನ್ನೊಬ್ಬರ ಹಾಸಿಗೆಯ ಪಕ್ಕ ನಿಂತು ಹೇಳಿದರೆ ಅದು ಗಾಯದ ಮೇಲೆ ಎಳೆದ ಬರೆಯಾಗುತ್ತದೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಇವನ ಪಾಪದಿಂದಲೋ ಇವನ ತಂದೆತಾಯಿಗಳ ಪಾಪದಿಂದಲೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದದ್ದನ್ನು ಇಲ್ಲಿ ನೆನೆಯಬಹುದು.

3. ದೂರನ್ನು ದೇವರಿಗೇ ಹೇಳಿ

ಎಲ್ಲ ಹಂತಗಳಲ್ಲಿ ನಾನು ಹೆಚ್ಚು ಒತ್ತಿ ಹೇಳಬಯಸುವುದು ಇದನ್ನೇ. ಭಕ್ತರು ದೇವರ ಮೇಲೆ ಸಿಟ್ಟಾಗಬಾರದು ಎಂಬ ತಿಳಿವಳಿಕೆ ಎಷ್ಟು ಆಳವಾಗಿ ಬೇರುಬಿಟ್ಟಿದೆ ಎಂದರೆ, ಸಿಟ್ಟು ಬಂದ ಮರುಗಳಿಗೆಯಲ್ಲೇ ಜನ ಪ್ರಾರ್ಥನೆಯನ್ನು ನಿಲ್ಲಿಸಿಬಿಡುತ್ತಾರೆ. ಒಳಗೆ ಕುದಿಯುತ್ತಿರುವುದನ್ನು ಹೇಳುವಂತಿಲ್ಲ, ಬೇರೆ ಏನನ್ನು ಹೇಳಿದರೂ ಸುಳ್ಳಾಗುತ್ತದೆ, ಹಾಗಾಗಿ ಮೌನ. ಈ ಮೌನವೇ ಮೆಲ್ಲಗೆ ದೂರವಾಗಿ ಬೆಳೆಯುತ್ತದೆ.

ಧರ್ಮಗ್ರಂಥಗಳು ಈ ವಿಷಯದಲ್ಲಿ ನಮಗಿಂತ ಧೈರ್ಯಶಾಲಿಗಳು. ವನವಾಸದಲ್ಲಿ ದ್ರೌಪದಿಯು, ಮಕ್ಕಳು ಆಟಿಕೆಗಳೊಡನೆ ಆಡುವಂತೆ ವಿಧಾತನು ಜೀವಿಗಳೊಡನೆ ಆಡುತ್ತಿದ್ದಾನೆ ಎಂದು ನೇರವಾಗಿ ದೂರುತ್ತಾಳೆ. ಯುಧಿಷ್ಠಿರನು ಆ ಮಾತನ್ನು ಒಪ್ಪುವುದಿಲ್ಲ, ಆದರೆ ಮಹಾಭಾರತ ಅದನ್ನು ಅಳಿಸಿಹಾಕಿಲ್ಲ, ಪೂರ್ತಿಯಾಗಿ ಕೇಳಿಸಿಕೊಂಡಿದೆ. ಭಗವದ್ಗೀತೆಯ ಮೊದಲನೆಯ ಅಧ್ಯಾಯದ ಹೆಸರು ಅರ್ಜುನವಿಷಾದಯೋಗ. ಕೈಯಲ್ಲಿದ್ದ ಬಿಲ್ಲು ಜಾರಿದ ಆ ಕುಸಿತವನ್ನೂ ಪರಂಪರೆ ಯೋಗವೆಂದೇ ಕರೆಯಿತು. ಮಗನನ್ನು ಕಳೆದುಕೊಂಡ ಪ್ರವಾದಿ ಯಾಕೂಬರ ಕಣ್ಣುಗಳು ದುಃಖದಿಂದ ಬೆಳ್ಳಗಾದವೆಂದು ಕುರ್‌ಆನ್ ಹೇಳುತ್ತದೆ, ಮತ್ತು ನನ್ನ ಸಂಕಟವನ್ನೂ ದುಃಖವನ್ನೂ ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುತ್ತೇನೆ ಎಂದು ಅವರು ಹೇಳುವುದನ್ನು ತಾಳ್ಮೆಗೆ ವಿರುದ್ಧವೆಂದು ಅದು ಎಣಿಸುವುದಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಲಾಪಗಳು. ಪ್ರಲಾಪವೆಂದರೆ ಬರಿಯ ಅಳು ಎಂದು ತಿಳಿಯಬೇಡಿ, ಅದು ದೇವರನ್ನೇ ಉದ್ದೇಶಿಸಿ ಇಡುವ ಮೊರೆ. ಆ ಪೈಕಿ 88ನೆಯ ಕೀರ್ತನೆ ಯಾವ ಸಮಾಧಾನವನ್ನೂ ತಲುಪದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಹಾಗಿದ್ದೂ ಪ್ರಾರ್ಥನೆಗಳ ನಡುವೆ ತನ್ನ ಜಾಗವನ್ನು ಉಳಿಸಿಕೊಂಡಿದೆ.

ಮಾಡುವ ಕ್ರಮ ಹೀಗೆ. ಏಕಾಂತದಲ್ಲಿ ಕುಳಿತು, ನೀವು ದೇವರನ್ನು ಕರೆಯುವ ಹೆಸರಿನಿಂದಲೇ ಬರೆಯಲು ತೊಡಗಿ. ಹೆಸರನ್ನು ಬಿಡಬೇಡಿ, ಅದು ಇಲ್ಲದಿದ್ದರೆ ಬರಹ ದಿನಚರಿಯಾಗುತ್ತದೆ, ಮೊರೆಯಾಗುವುದಿಲ್ಲ. ಬಳಿಕ ಆದದ್ದನ್ನು ಹೇಳಿ, ಅದು ನಿಮಗೆ ಏನು ಮಾಡಿತು ಎಂಬುದನ್ನು ಹೇಳಿ, ಕೊನೆಗೆ ಈಗ ನಿಮಗೆ ಏನು ಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ಕೇಳಿ. ವ್ಯಾಕರಣ, ಅಕ್ಷರ, ವಿನಯ ಯಾವುದನ್ನೂ ಲೆಕ್ಕಿಸಬೇಡಿ. ಹದಿನೈದು ನಿಮಿಷವಾದ ಮೇಲೆ, ವಾಕ್ಯ ಅರ್ಧದಲ್ಲಿದ್ದರೂ, ಪುಸ್ತಕವನ್ನು ಮುಚ್ಚಿಬಿಡಿ. ನಾಲ್ಕು ದಿನ ಬಿಡದೆ ಮಾಡಿ, ಆಮೇಲೆ ಬೇಕೆನಿಸಿದಾಗ ಮಾತ್ರ. ಈ ಅವಧಿಯನ್ನು ನಾನು ಸುಮ್ಮನೆ ಹೇಳುತ್ತಿಲ್ಲ: ಮನದಾಳದ ನೋವನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಗಿತ್ತೆಂದು ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ವರದಿ ಮಾಡಿದರು. ಬರೆಯುವುದು ಕಷ್ಟವಾದರೆ ಗಟ್ಟಿಯಾಗಿ ಮಾತಾಡಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, ದೂರನ್ನು ಅರ್ಧ ಹೇಳಿ, ಗಾಬರಿಯಾಗಿ, "ಎಲ್ಲ ನಿನ್ನ ಇಚ್ಛೆ" ಎಂದು ಬೇಗನೆ ಮುಚ್ಚಿಬಿಡುವುದು. ಶರಣಾಗತಿ ನಿಜವಾಗಿ ಬಂದಾಗ ಅದು ದೊಡ್ಡದು. ಆದರೆ ನೋವನ್ನು ಅನುಭವಿಸದೆ ದಾಟಿಹೋಗಲು ಅಧ್ಯಾತ್ಮದ ಮಾತುಗಳನ್ನು ಬಳಸುವ ಅಭ್ಯಾಸಕ್ಕೆ ಜಾನ್ ವೆಲ್‌ವುಡ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ 'ಸ್ಪಿರಿಚುಯಲ್ ಬೈಪಾಸಿಂಗ್' ಎಂದು ಹೆಸರಿಟ್ಟರು. ಅಧ್ಯಾತ್ಮದ ಅಡ್ಡದಾರಿ ಎನ್ನಬಹುದು. ಎರಡನೆಯದು, ಒಂದೇ ಮಾತನ್ನು ದಿನವಿಡೀ ಮನಸ್ಸಿನಲ್ಲಿ ತಿರುಗಿಸುತ್ತಿರುವುದು. ಬರೆದಷ್ಟೂ ಕುಸಿಯುತ್ತಿದ್ದೀರಿ ಎನಿಸಿದರೆ ನಿಲ್ಲಿಸಿ, ಒಬ್ಬರ ಜೊತೆ ಕುಳಿತು ಹೇಳಿಕೊಳ್ಳುವವರೆಗೆ ಮುಂದುವರಿಸಬೇಡಿ.

4. ಒಂದು ಚಿಕ್ಕ ಅಭ್ಯಾಸವನ್ನು ಬಿಡದೆ ಇಟ್ಟುಕೊಳ್ಳಿ

ಮೊದಲು ಒಂದು ಗಂಟೆಯ ಪೂಜೆಯೋ ಧ್ಯಾನವೋ ಇದ್ದಿರಬಹುದು. ಈಗ ಅದನ್ನು ಎರಡು ನಿಮಿಷಕ್ಕೆ ಇಳಿಸಿ. ಒಂದು ದೀಪ, ಒಂದು ಸಾಲಿನ ಪ್ರಾರ್ಥನೆ, ಹತ್ತು ಬಾರಿ ನಾಮಜಪ, ಏನಾದರೂ ಸರಿ, ಆದರೆ ಅದು ನಿಮ್ಮ ಅತ್ಯಂತ ಕೆಟ್ಟ ದಿನದಲ್ಲೂ ಮಾಡಲು ಸಾಧ್ಯವಾಗುವಷ್ಟು ಚಿಕ್ಕದಾಗಿರಲಿ. ಸ್ವಂತ ಮಾತು ಹೊರಡದಿದ್ದಾಗ ಬಾಯಿಪಾಠದ ಮಾತು ಕೆಲಸಕ್ಕೆ ಬರುತ್ತದೆ. ಅದನ್ನು ನಮಗಿಂತ ಮುಂಚೆ ನೋವುಂಡ ಎಷ್ಟೋ ಜನ ಆಡಿ ಸವೆಸಿದ್ದಾರೆ, ನೀವು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಅದೂ ಆಗದ ದಿನ ನಿಮ್ಮ ಪರವಾಗಿ ಪ್ರಾರ್ಥಿಸಲು ಒಬ್ಬರನ್ನು ಕೇಳಿಕೊಳ್ಳಿ.

ಭಾವ ಬರುತ್ತಿಲ್ಲವೆಂದು ಅಭ್ಯಾಸವನ್ನು ಬಿಡುವುದು ಇಲ್ಲಿ ಆಗುವ ತಪ್ಪು. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಇರವೇ ಅನುಭವಕ್ಕೆ ಬಂದಿರಲಿಲ್ಲವೆಂದು ತಿಳಿದು ಅನೇಕರು ಬೆಚ್ಚಿದರು. ಅಷ್ಟೂ ಕಾಲ ಅವರು ಪ್ರಾರ್ಥನೆಗೆ ಕುಳಿತೇ ಇದ್ದರು, ಕೆಲಸವನ್ನೂ ಮಾಡುತ್ತಲೇ ಇದ್ದರು. ಇದನ್ನು ನಿಮ್ಮ ಮೇಲೆ ಹೊರೆಯಾಗಿ ಹೊರಿಸಲು ಹೇಳುತ್ತಿಲ್ಲ. ಭಾವ ಒಣಗಿದ ಮಾತ್ರಕ್ಕೆ ನಿಮ್ಮ ನಂಬಿಕೆ ಸುಳ್ಳಾಗಿತ್ತು ಎಂದು ನೀವು ತೀರ್ಮಾನಿಸಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು.

5. ವ್ಯಾಪಾರದ ಲೆಕ್ಕವನ್ನು ಮುಚ್ಚಿ

ನಾವು ಹೇಳಿಕೊಳ್ಳದಿದ್ದರೂ ನಮ್ಮ ಭಕ್ತಿಯೊಳಗೆ ಒಂದು ಕರಾರು ಅಡಗಿರುತ್ತದೆ: ನಾನು ಇಷ್ಟು ಮಾಡುತ್ತೇನೆ, ನೀನು ನನ್ನವರನ್ನು ಕಾಪಾಡು. ಕಷ್ಟ ಬಂದಾಗ ಒಡೆಯುವುದು ಬಹುಪಾಲು ಆ ಕರಾರು, ಆದರೆ ನಮಗೆ ನಂಬಿಕೆಯೇ ಒಡೆದಂತೆ ತೋರುತ್ತದೆ. ದ್ರೌಪದಿಗೆ ಉತ್ತರಿಸುವಾಗ ಯುಧಿಷ್ಠಿರನು, ತಾನು ಫಲವನ್ನು ಅರಸಿ ಧರ್ಮವನ್ನು ಆಚರಿಸುತ್ತಿಲ್ಲ, ಕೊಡಬೇಕಾದ್ದರಿಂದ ಕೊಡುತ್ತೇನೆ ಎಂದು ಹೇಳಿ, ಫಲಕ್ಕಾಗಿ ಧರ್ಮವನ್ನು ಹಸುವಿನಂತೆ ಕರೆಯುವವನನ್ನು 'ಧರ್ಮವಾಣಿಜ್ಯಕ', ಅಂದರೆ ಧರ್ಮದ ವ್ಯಾಪಾರಿ, ಎನ್ನುತ್ತಾನೆ. ಎಲ್ಲವನ್ನೂ ಕಳೆದುಕೊಂಡು ಕಾಡಿನಲ್ಲಿದ್ದವನ ಬಾಯಿಂದ ಬಂದ ಮಾತಾದ್ದರಿಂದಲೇ ಅದಕ್ಕೆ ತೂಕವಿದೆ.

ನಿಮ್ಮ ಕರಾರಿನ ಷರತ್ತುಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ. ಹಾಗೆಂದು ಬೇಡುವುದನ್ನು ನಿಲ್ಲಿಸಬೇಕಾಗಿಲ್ಲ. ಮಗು ಉಳಿಯಲಿ ಎಂದು ಬೇಡಿಕೊಳ್ಳುವ ತಾಯಿಯನ್ನು ವ್ಯಾಪಾರಿ ಎನ್ನಲು ಯಾರಿಗೂ ಹಕ್ಕಿಲ್ಲ. ಬೇಡಿಕೆಯ ಕೊನೆಯಲ್ಲಿ "ಇಲ್ಲವಾದರೆ ನಮ್ಮ ನಂಟು ಮುಗಿಯಿತು" ಎಂಬ ಸಾಲು ಇದೆಯೇ ಎಂದು ನೋಡಿ, ಇದ್ದರೆ ಅದನ್ನಷ್ಟೇ ಹೊಡೆದುಹಾಕಿ.

ಎಚ್ಚರಿಕೆ: ಕರಾರು ಒಡೆದ ಹೊತ್ತಿನಲ್ಲಿ ಹೊಸ ಕರಾರನ್ನು ಮಾರುವವರು ಬರುತ್ತಾರೆ. ಇಷ್ಟು ಹಣ ಕೊಟ್ಟರೆ ದೋಷ ಕಳೆಯುತ್ತದೆ, ಔಷಧ ನಿಲ್ಲಿಸಿ ನಂಬಿಕೆಯನ್ನು ತೋರಿಸಿದರೆ ವಾಸಿಯಾಗುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಪ್ರಾರ್ಥನೆಗಾಗಿ ಚಿಕಿತ್ಸೆಯನ್ನು ನಿಲ್ಲಿಸಬೇಡಿ, ಸಾಲ ಮಾಡಬೇಡಿ, ದುಃಖದ ಮೊದಲ ತಿಂಗಳುಗಳಲ್ಲಿ ದೊಡ್ಡ ಹರಕೆಗಳನ್ನು ಹೊತ್ತುಕೊಳ್ಳಬೇಡಿ.

6. 'ಏಕೆ' ಎಂಬ ಪ್ರಶ್ನೆಗೆ ಒಂದು ಜಾಗವನ್ನು ಗೊತ್ತುಮಾಡಿ

ಒಳ್ಳೆಯ ದೇವರ ಲೋಕದಲ್ಲಿ ಕೇಡು ಏಕಿದೆ ಎಂಬುದಕ್ಕೆ ಉತ್ತರ ಕಟ್ಟುವ ಪ್ರಯತ್ನವನ್ನು 'ಥಿಯೋಡಿಸಿ' ಎನ್ನುತ್ತಾರೆ. ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್ ಈ ಹೆಸರಿನಲ್ಲಿ ಗ್ರಂಥವನ್ನು ಪ್ರಕಟಿಸಿದ್ದು 1710ರಲ್ಲಿ. 1755ರ ನವೆಂಬರ್ 1ರಂದು, ಹಬ್ಬದ ಬೆಳಿಗ್ಗೆ ಚರ್ಚುಗಳು ತುಂಬಿದ್ದ ಹೊತ್ತಿನಲ್ಲಿ ಲಿಸ್ಬನ್ ನಗರ ಭೂಕಂಪದಿಂದ ಕುಸಿದಾಗ, ಇದಕ್ಕಿಂತ ಒಳ್ಳೆಯ ಲೋಕ ಸಾಧ್ಯವಿರಲಿಲ್ಲ ಎಂಬ ಅವನ ವಾದ ಯುರೋಪಿನ ಅನೇಕರಿಗೆ ಕ್ರೂರವಾಗಿ ಕೇಳಿಸಿತು. ಚಿಂತಕರು ಶತಮಾನಗಳಿಂದ ಬಗೆಹರಿಸಲಾಗದ ಪ್ರಶ್ನೆಗೆ ನೀವು ಈ ವಾರ ಉತ್ತರ ಕಂಡುಕೊಳ್ಳಬೇಕಾಗಿಲ್ಲ. ವಾರಕ್ಕೊಮ್ಮೆ ಅದನ್ನು ಓದಲು, ಯೋಚಿಸಲು, ಬಲ್ಲವರೊಡನೆ ಚರ್ಚಿಸಲು ಸಮಯ ಇಟ್ಟುಕೊಳ್ಳಿ. ನಡುರಾತ್ರಿ ಅದು ಎದ್ದು ಬಂದರೆ ನೋಟ್‌ಪುಸ್ತಕದಲ್ಲಿ ಒಂದು ಸಾಲು ಬರೆದು ಆ ದಿನಕ್ಕೆ ಮುಂದೂಡಿ.

7. ಜೊತೆಗಾರರನ್ನು ಆರಿಸಿಕೊಳ್ಳಿ

ಬೈಬಲಿನ ಯೋಬನು ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಸಜ್ಜನ. ಅವನ ಗೆಳೆಯರು ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದು ಕಾರಣಗಳನ್ನು ವಿವರಿಸಲು ತೊಡಗಿದ ಮೇಲೆ. ಕಥೆಯ ಕೊನೆಯಲ್ಲಿ ದೇವರು, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ನೀವಲ್ಲ ಎಂದು ಆ ಗೆಳೆಯರಿಗೆ ಹೇಳುತ್ತಾನೆ. ದೇವರನ್ನು ಸಮರ್ಥಿಸಿಕೊಂಡವರು ತಪ್ಪಿತಸ್ಥರಾದರು, ದೇವರೊಡನೆ ವಾದಿಸಿದವನು ಸರಿಯಾದನು.

ನಿಮ್ಮ ಸುತ್ತಲಿರುವವರಲ್ಲಿ ಮೊದಲ ಏಳು ದಿನಗಳ ಗೆಳೆಯರಂತೆ ಕೂರಬಲ್ಲವರು ಯಾರು ಎಂದು ಯೋಚಿಸಿ, ಒಬ್ಬರನ್ನು ಅಥವಾ ಇಬ್ಬರನ್ನು ಆರಿಸಿ. ಅವರ ಬಳಿ ಸ್ಪಷ್ಟವಾಗಿ ಹೇಳಿ: "ನನಗೆ ಉತ್ತರ ಬೇಡ, ಅರ್ಧ ಗಂಟೆ ಕೇಳಿಸಿಕೊಂಡರೆ ಸಾಕು." ಕಾರಣ ವಿವರಿಸಲು ಬರುವವರಿಗೆ "ಈಗ ಅದರ ಬಗ್ಗೆ ಮಾತಾಡುವ ಶಕ್ತಿ ನನಗಿಲ್ಲ" ಎಂಬ ಒಂದೇ ವಾಕ್ಯ ಸಾಕು, ಅವರೊಡನೆ ವಾದಕ್ಕಿಳಿಯಬೇಡಿ. ಕೆಲವು ಆಸ್ಪತ್ರೆಗಳಲ್ಲಿ ಚಾಪ್ಲಿನ್ ಎಂಬ ಹುದ್ದೆಯವರು ಇರುತ್ತಾರೆ. ರೋಗಿಗಳ ಮತ್ತು ಮನೆಯವರ ಆಧ್ಯಾತ್ಮಿಕ ಸಂಕಟವನ್ನು ಕೇಳಿಸಿಕೊಳ್ಳುವ ತರಬೇತಿ ಅವರಿಗಿರುತ್ತದೆ. ನಿಮ್ಮ ಧರ್ಮದ ಗುರುಗಳ ಬಳಿ ಹೋಗುವುದಾದರೆ, ಅವರು ನಿಮ್ಮ ಮಾತನ್ನು ಪೂರ್ತಿ ಕೇಳುವ ಮೊದಲೇ ಪರಿಹಾರ ಹೇಳತೊಡಗಿದರೆ ಇನ್ನೊಬ್ಬರನ್ನು ಹುಡುಕಲು ಹಿಂಜರಿಯಬೇಡಿ.

8. ಮೂರು ತಿಂಗಳ ನಂತರ ಪುಸ್ತಕವನ್ನು ತೆರೆದು ನೋಡಿ

ಬರೆದ ಪ್ರತಿ ಪುಟಕ್ಕೂ ದಿನಾಂಕ ಹಾಕಿಡಿ. ಮೂರು ತಿಂಗಳಾದ ಮೇಲೆ, ಮನಸ್ಸು ಸ್ವಲ್ಪ ಹಗುರಾಗಿರುವ ಒಂದು ಹಗಲು ಹೊತ್ತಿನಲ್ಲಿ, ಮೊದಲಿನಿಂದ ಓದಿ. ನೋವು ಕಡಿಮೆಯಾಯಿತೇ ಎಂದು ಅಳೆಯಬೇಡಿ, ಆ ಅಳತೆಗೆ ನೀವು ಸೋಲುತ್ತೀರಿ. ದೇವರನ್ನು ಕರೆಯುವ ರೀತಿ ಬದಲಾಗಿದೆಯೇ, ದೂರು ಹೊಸ ಮಾತನ್ನು ಕಂಡುಕೊಂಡಿದೆಯೇ, ಬಲಗಡೆಯ ತೀರ್ಪುಗಳಲ್ಲಿ ಯಾವುದಾದರೂ ಸಡಿಲಗೊಂಡಿದೆಯೇ ಎಂಬುದನ್ನು ನೋಡಿ. ಹಿಂದೆ ನಂಬಿದ್ದ ಕೆಲವು ಸಂಗತಿಗಳು ಈಗ ನಿಮ್ಮಲ್ಲಿ ಉಳಿದಿಲ್ಲವೆಂದು ಕಂಡರೆ ಅದನ್ನೂ ಹಾಗೆಯೇ ಬರೆದಿಡಿ, ಬಲವಂತದಿಂದ ವಾಪಸು ತರಲು ಹೋಗಬೇಡಿ.

"ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ" ಎಂಬ ಸಾಲು ಮೊದಲ ಪುಟದಲ್ಲಿಯೂ ಕೊನೆಯ ಪುಟದಲ್ಲಿಯೂ ಒಂದೇ ರೀತಿ ಇದ್ದರೆ, ಇದನ್ನು ಒಬ್ಬರೇ ಬಿಡಿಸಿಕೊಳ್ಳಲು ಇನ್ನು ಪ್ರಯತ್ನಿಸಬೇಡಿ. ಏಳನೆಯ ಹಂತದಲ್ಲಿ ಆರಿಸಿಕೊಂಡ ವ್ಯಕ್ತಿಗೆ ಅಥವಾ ಆಪ್ತಸಮಾಲೋಚಕರಿಗೆ ಆ ಎರಡು ಪುಟಗಳನ್ನು ಓದಿ ಹೇಳಿ. ಮಾತಿನಲ್ಲಿ ವಿವರಿಸಲು ಕಷ್ಟವಾದರೆ ಪುಸ್ತಕವನ್ನೇ ಅವರ ಕೈಗೆ ಕೊಡಿ.